ಖಾಲಿ ಡಬ್ಬದಲ್ಲಿ ಸೊಪ್ಪು: ಮೊದಲು ಡಬ್ಬ ನೋಡಿ, ಆಮೇಲೆ ಗಿಡ ಆರಿಸಿ

ನಾನು ಮೊದಲ ಸಲ ಕೊತ್ತಂಬರಿ ಹಾಕಿದ್ದು ಐಸ್‌ಕ್ರೀಮ್ ಡಬ್ಬದಲ್ಲಿ. ಬೀಜ ಮೊಳೆಯಿತು, ಎರಡೆರಡು ಎಲೆ ಬಂತು, ಮನೆಯವರಿಗೆಲ್ಲ ತೋರಿಸಿ ಬೀಗಿದ್ದೂ ಆಯಿತು. ಇನ್ನೊಂದು ವಾರದಲ್ಲಿ ಎಲ್ಲ ಹಳದಿಯಾಗಿ ಮಲಗಿಬಿಟ್ಟವು. ಕಿತ್ತು ನೋಡಿದರೆ ತಳದಲ್ಲಿ ಕೆಸರು, ಕೊಳೆತ ವಾಸನೆ. ತೂತು ಹಾಕಿದ್ದೆ ನಿಜ. ಒಂದೇ ಒಂದು, ಅದೂ ಸೂಜಿ ತೂರುವಷ್ಟು. ಸಾಲದ್ದಕ್ಕೆ ಡಬ್ಬದ ಆಳ ನಾಲ್ಕು ಬೆರಳು. ನೆಟ್ಟಗೆ ಕೆಳಕ್ಕಿಳಿಯುವ ಕೊತ್ತಂಬರಿ ಬೇರಿಗೆ ಅದು ಎಲ್ಲಿ ಸಾಕು?

ಆಮೇಲೆ ಅರ್ಥವಾಯಿತು. ಕುಂಡ ಕೊಂಡು ತರುವವರು ಗಿಡಕ್ಕೆ ತಕ್ಕ ಕುಂಡ ತರುತ್ತಾರೆ. ನಮ್ಮ ಹತ್ತಿರ ಇರುವುದು ಖಾಲಿಯಾದ ಡಬ್ಬ, ಬಾಟಲಿ, ಬಿರುಕು ಬಿಟ್ಟ ಬಕೆಟ್. ಹಾಗಾಗಿ ಲೆಕ್ಕ ಉಲ್ಟಾ ಆಗಬೇಕು. ಡಬ್ಬಕ್ಕೆ ತಕ್ಕ ಗಿಡ ಹುಡುಕಬೇಕು.

ಯಾವ ಡಬ್ಬ ಆಗುತ್ತದೆ, ಯಾವುದು ಬೇಡ

ತಿನ್ನುವ ಸೊಪ್ಪು ಬೆಳೆಯುತ್ತಿದ್ದೇವೆ ಅನ್ನುವುದು ನೆನಪಿರಲಿ. ಮೊದಲು ತಿನ್ನುವ ಪದಾರ್ಥವೇ ಇದ್ದ ಡಬ್ಬವಾದರೆ ಅರ್ಧ ಚಿಂತೆ ಕಳೆಯಿತು. ಮೊಸರಿನ ಡಬ್ಬ, ಅಡುಗೆ ಎಣ್ಣೆಯ ಕ್ಯಾನ್, ಜ್ಯೂಸ್ ಬಾಟಲಿ, ಬಿಸ್ಕತ್ತಿನ ಟಿನ್ ಎಲ್ಲ ನಡೆಯುತ್ತವೆ. ಕೀಟನಾಶಕ, ಎಂಜಿನ್ ಆಯಿಲ್, ಪೇಂಟ್, ಆಸಿಡ್ ಇದ್ದ ಡಬ್ಬ ಎಷ್ಟೇ ಗಟ್ಟಿಯಾಗಿರಲಿ, ಎಷ್ಟೇ ತೊಳೆದಿರಲಿ, ಬೇಡ.

ಪ್ಲಾಸ್ಟಿಕ್ ಡಬ್ಬವನ್ನು ಬೋರಲು ಹಾಕಿ ನೋಡಿ. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1, 2, 4, 5 ಇದ್ದರೆ ಬಳಸಿ. ನೀರಿನ ಬಾಟಲಿ ಸಾಮಾನ್ಯವಾಗಿ 1, ಶಾಂಪೂ ಬಾಟಲಿಯಂಥ ದಪ್ಪ ಪ್ಲಾಸ್ಟಿಕ್ 2, ಊಟದ ಪಾರ್ಸೆಲ್ ಡಬ್ಬ ಹೆಚ್ಚಾಗಿ 5. ಪಿವಿಸಿಯ ಅಂಕಿ 3, ಥರ್ಮೋಕೋಲ್ ಜಾತಿಯದ್ದು 6. ಇವೆರಡನ್ನೂ ನಾನು ಸೊಪ್ಪಿಗೆ ಬಳಸುವುದಿಲ್ಲ. 7 ಅಂದರೆ 'ಇತರೆ', ಒಳಗೇನಿದೆಯೋ ಗೊತ್ತಾಗುವುದಿಲ್ಲ. ಅದನ್ನೂ ಬಿಡುತ್ತೇನೆ.

ಮರದ ಪೆಟ್ಟಿಗೆಗೂ, ಸಾಮಾನು ಸಾಗಿಸುವ ಪ್ಯಾಲೆಟ್‌ಗೂ ಇನ್ನೊಂದು ಗುರುತಿದೆ. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ ಮೇಲೆ ಮುದ್ರೆ ಒತ್ತಿರುತ್ತಾರೆ. 'ಎಚ್‌ಟಿ' ಅಂತಿದ್ದರೆ ಬಿಸಿ ಮಾಡಿ ಹುಳು ಕೊಂದ ಮರ, ಬಳಸಬಹುದು. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಕೊಟ್ಟ ಮರ, ಮುಟ್ಟಬೇಡಿ. ಹಳೇ ಬಣ್ಣದ ಹಲಗೆಯಲ್ಲಿ ಸೀಸ ಇರಬಹುದು, ಅದೂ ಬೇಡ. ಹಳೇ ಟೈರ್ ಹೂವಿನ ಗಿಡಕ್ಕಿರಲಿ.

ಗಾಜಿನ ಬಾಟಲಿ ನೋಡೋಕೆ ಚೆಂದ. ಆದರೆ ತೂತು ಹಾಕುವುದು ಕಷ್ಟ. ಪುದೀನ ಕಡ್ಡಿಗೆ ನೀರಿನಲ್ಲಿ ಬೇರು ಬರಿಸಲು ಇಟ್ಟುಕೊಳ್ಳಿ, ಅಲ್ಲಿಗೆ ಅದರ ಕೆಲಸ ಮುಗಿಯಿತು.

ಆಳ ಅಳೆಯಿರಿ

ಸ್ಕೇಲ್ ತಗೊಂಡು ಡಬ್ಬದ ಒಳಗಿನ ಆಳ ಅಳೆಯಿರಿ. ಮೇಲೆ 2 ಸೆಂ.ಮೀ. ನೀರು ನಿಲ್ಲೋಕೆ ಬಿಡಬೇಕು, ಅದನ್ನು ಕಳೆಯಿರಿ. ಉಳಿದದ್ದೇ ನಿಮ್ಮ ಮಣ್ಣಿನ ಆಳ.

ಮಣ್ಣು 5ರಿಂದ 8 ಸೆಂ.ಮೀ. ಮಾತ್ರ ಹಿಡಿಸುವ ಪಾರ್ಸೆಲ್ ಡಬ್ಬ, ಟ್ರೇ ಇದ್ದರೆ ಎಳೆ ಮೆಂತ್ಯ ಹಾಕಿ. ಎರಡು ಮೂರು ವಾರದಲ್ಲಿ ಕೊಯ್ದು ಮುಗಿಸುವುದಾದ್ದರಿಂದ ಬೇರು ಆಳಕ್ಕೆ ಹೋಗುವಷ್ಟು ಸಮಯವೇ ಇರುವುದಿಲ್ಲ. 15 ಸೆಂ.ಮೀ. ಇದ್ದು ಅಗಲವಾಗಿದ್ದರೆ ಪುದೀನ. ಅದರ ಬೇರು, ಬಳ್ಳಿ ಎಲ್ಲ ಅಡ್ಡಡ್ಡ ಹರಿಯುತ್ತವೆ. ಹಳೇ ಟಬ್, ಉದ್ದಕ್ಕೆ ಸೀಳಿದ 5 ಲೀಟರ್ ಕ್ಯಾನ್ ಅದಕ್ಕೆ ಸರಿ. ಇದೇ ಆಳದಲ್ಲಿ ಈರುಳ್ಳಿ ಸೊಪ್ಪು, ವಿದೇಶಿ ಅಡುಗೆಯ ಘಮದ ಸೊಪ್ಪುಗಳಾದ ಥೈಮ್, ಒರೆಗಾನೊ ಕೂಡ ಬರುತ್ತವೆ.

ಕೊತ್ತಂಬರಿ, ಬೇಸಿಲ್ (ತುಳಸಿ ಜಾತಿಯ ಸೊಪ್ಪು), ಪಾರ್ಸ್ಲಿ (ಕೊತ್ತಂಬರಿಯಂಥ ವಿದೇಶಿ ಸೊಪ್ಪು), ದೊಡ್ಡಪತ್ರೆಗೆ 20 ಸೆಂ.ಮೀ. ಬೇಕು. 2 ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿದರೆ ಒಂದು ಬೇಸಿಲ್ ಗಿಡಕ್ಕೆ ಹೇಗೋ ಸಾಕು. 4 ಲೀಟರ್ ಡಬ್ಬ ಸಿಕ್ಕರೆ ಗಿಡದ ಮುಖವೇ ಬೇರೆ. ಸಬ್ಬಸಿಗೆ, ರೋಸ್‌ಮೆರಿಗೆ 25ರಿಂದ 30 ಸೆಂ.ಮೀ. ಕೊಡಿ. ನಿಂಬೆಹುಲ್ಲಿಗೆ ಬಕೆಟ್ಟೇ ಬೇಕು. ಅದು ಒಂದು ವರ್ಷದಲ್ಲಿ ಪೊದೆಯಾಗಿ ಬಿರುಕು ಬಿಟ್ಟ ಬಕೆಟ್ಟನ್ನು ಪೂರ್ತಿ ಒಡೆದೇ ಬಿಡಬಹುದು.

ಡಬ್ಬ ದೊಡ್ಡದಾದಷ್ಟೂ ಒಳ್ಳೆಯದಾ? ನೆಲದ ಮೇಲಿಟ್ಟರೆ ಹೌದು. ಬಾಲ್ಕನಿ ಕಂಬಿಗೆ ನೇತು ಹಾಕುವುದಾದರೆ ತೂಕ ನೋಡಿ. 10 ಲೀಟರ್ ಡಬ್ಬ ನೀರು ಕುಡಿದ ಮೇಲೆ 10 ಕೆ.ಜಿ. ದಾಟಬಹುದು. ಕೆಳಗೆ ಜನ ಓಡಾಡುವ ಕಡೆ ಏನನ್ನೂ ನೇತು ಹಾಕಬೇಡಿ.

ತೊಳೆಯುವುದು, ತೂತು ಹಾಕುವುದು

ಬಿಸಿ ನೀರು, ಸೋಪು ಹಾಕಿ ಜಿಡ್ಡೆಲ್ಲ ಹೋಗುವ ಹಾಗೆ ಉಜ್ಜಿ. ಎಣ್ಣೆ ಕ್ಯಾನಿಗೆ ಎರಡು ಸಲ. ಹಿಂದೆ ಗಿಡ ಸತ್ತ ಡಬ್ಬವಾದರೆ 1 ಭಾಗ ಬ್ಲೀಚಿಗೆ 9 ಭಾಗ ನೀರು ಸೇರಿಸಿ 10 ನಿಮಿಷ ನೆನೆಸಿ, ಚೆನ್ನಾಗಿ ತೊಳೆದು ಬಿಸಿಲಿಗಿಡಿ.

ತೂತು ಪೆನ್ಸಿಲ್ ಗಾತ್ರ ಇರಲಿ, ಅಂದರೆ 6ರಿಂದ 8 ಮಿ.ಮೀ. ಮೊಸರಿನ ಡಬ್ಬಕ್ಕೆ 4, ಬಕೆಟ್ಟಿಗೆ 8ರಿಂದ 10. ತಳದಲ್ಲಿ ಹಾಕುವುದರ ಜೊತೆಗೆ, ತಳದಿಂದ 1 ಸೆಂ.ಮೀ. ಮೇಲೆ ಪಕ್ಕದಲ್ಲೂ ಎರಡು ಹಾಕಿ. ಡಬ್ಬದ ತಳ ನೆಲಕ್ಕೆ ಅಂಟಿ ಕೂತರೂ ಪಕ್ಕದಿಂದ ನೀರು ಹೋಗುತ್ತದೆ.

ಡ್ರಿಲ್ ಇದ್ದರೆ ಸುಲಭ. ಇಲ್ಲದಿದ್ದರೆ ಇಕ್ಕಳದಲ್ಲಿ ಮೊಳೆ ಹಿಡಿದು ಕಾಯಿಸಿ ಚುಚ್ಚಿ. ಪ್ಲಾಸ್ಟಿಕ್ ಹೊಗೆ ಕುಡಿಯಬಾರದು, ಹೊರಗೆ ಗಾಳಿಯಲ್ಲಿ ಕೂತು ಮಾಡಿ. ಟಿನ್ ಡಬ್ಬಕ್ಕೆ ಮೊಳೆ ಹೊಡೆದರೆ ತಳವೇ ಒಳಗೆ ತಗ್ಗಾಗುತ್ತದೆ ಅಲ್ವಾ? ಅದಕ್ಕೊಂದು ಉಪಾಯವಿದೆ. ಡಬ್ಬಕ್ಕೆ ಮುಕ್ಕಾಲು ನೀರು ತುಂಬಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಬೋರಲು ಹಾಕಿ ಸುತ್ತಿಗೆ, ಮೊಳೆ ಹಿಡಿಯಿರಿ. ಒಳಗಿನ ಮಂಜುಗಡ್ಡೆ ಏಟು ತಡೆಯುತ್ತದೆ, ತೂತು ನೀಟಾಗಿ ಬೀಳುತ್ತದೆ. ಟಿನ್ನಿನ ಅಂಚು ಚೂರಿಯ ಹಾಗಿರುತ್ತದೆ. ಇಕ್ಕಳದಿಂದ ಒಳಕ್ಕೆ ಮಡಚಿ, ಟೇಪ್ ಸುತ್ತಿ.

ಪಾರದರ್ಶಕ ಬಾಟಲಿಗೆ ಇನ್ನೊಂದು ಕೆಲಸ ಬಾಕಿ. ಬೇರಿಗೆ ಬೆಳಕು ಬೀಳಬಾರದು. ಬೆಳಕು ಬಿದ್ದರೆ ಒಳಗೆ ಪಾಚಿಯೂ ಕಟ್ಟುತ್ತದೆ. ಹೊರಗಿನಿಂದ ಹಳೇ ಬಟ್ಟೆಯೋ ದಪ್ಪ ಕಾಗದವೋ ಸುತ್ತಿ. ಹರಿದ ಜೀನ್ಸ್ ಕಾಲು ಬಾಟಲಿಗೆ ಸರಿಯಾಗಿ ಕೂರುತ್ತದೆ.

ತಳಕ್ಕೆ ಜಲ್ಲಿ ಹಾಕಬೇಡಿ

ಇದನ್ನು ಹೇಳಿದರೆ ಜಗಳಕ್ಕೇ ಬರುವವರಿದ್ದಾರೆ. 'ತಳದಲ್ಲಿ ಒಂದು ಪದರ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಇಳಿಯುತ್ತದೆ' ಅಂತ ಎಲ್ಲರೂ ಹೇಳುತ್ತಾರೆ. ಇಳಿಯುವುದಿಲ್ಲ.

ಒಂದು ಸ್ಪಂಜ್ ತಗೊಂಡು ನೋಡಿ. ನೀರಲ್ಲಿ ಅದ್ದಿ, ಹಿಂಡದೆ, ಅಡ್ಡಕ್ಕೆ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಉದ್ದಕ್ಕೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜ್ ಅದೇ, ಎತ್ತರ ಮಾತ್ರ ಬೇರೆ. ಮಣ್ಣೂ ಹೀಗೇ. ನೀರು ಇಳಿದು ನಿಂತ ಮೇಲೂ ತಳದಲ್ಲಿ ಕೆಲವು ಬೆರಳು ಪೂರ್ತಿ ಒದ್ದೆಯಾಗಿ ಉಳಿಯುತ್ತದೆ. ಡಬ್ಬ ಗಿಡ್ಡವಾದರೂ ಈ ಒದ್ದೆ ಪದರದ ದಪ್ಪ ಕಡಿಮೆಯಾಗುವುದಿಲ್ಲ. ಹಾಗಾಗಿ ಗಿಡ್ಡ ಡಬ್ಬದಲ್ಲಿ ಬೇರಿಗೆ ಒಣ ಜಾಗವೇ ಸಿಗುವುದಿಲ್ಲ. ಇನ್ನು ಜಲ್ಲಿ ಹಾಕಿದರೆ? ಸಣ್ಣ ಕಣದ ಮಣ್ಣು ತನ್ನ ನೀರನ್ನು ದೊಡ್ಡ ಸಂದಿನ ಜಲ್ಲಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ. ಇರುವ ಆಳವನ್ನೂ ನಾವೇ ಕಡಿಮೆ ಮಾಡಿದ ಹಾಗಾಯಿತು. ನನ್ನ ಐಸ್‌ಕ್ರೀಮ್ ಡಬ್ಬದಲ್ಲಿ ಎರಡು ಬೆರಳು ಜಲ್ಲಿಯೂ ಇತ್ತು, ಹೇಳೋದು ಮರೆತಿದ್ದೆ.

ಮಣ್ಣು ಸೋರದ ಹಾಗೆ ತೂತಿನ ಮೇಲೆ ಒಂದು ತುಂಡು ಸೊಳ್ಳೆ ಪರದೆ ಇಟ್ಟರೆ ಸಾಕು.

ಮಣ್ಣು ಕಲಸುವುದು

ಬರೀ ತೋಟದ ಮಣ್ಣು ಡಬ್ಬದಲ್ಲಿ ಇಟ್ಟಿಗೆಯಾಗುತ್ತದೆ. ನಾನು ಕಲಸುವುದು ಹೀಗೆ: ಮಣ್ಣು 1 ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 1 ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ 1 ಪಾಲು. ರೋಸ್‌ಮೆರಿ, ಥೈಮ್, ಒರೆಗಾನೊಗೆ ಗೊಬ್ಬರ ಅರ್ಧ ಮಾಡಿ, ದಪ್ಪ ಮರಳು 1 ಪಾಲು ಸೇರಿಸಿ. ಇವು ಬಡ ಮಣ್ಣಿನ ಗಿಡಗಳು. ಗೊಬ್ಬರ ಜಾಸ್ತಿಯಾದರೆ ಎಲೆ ದೊಡ್ಡದಾಗುತ್ತದೆ, ಘಮ ಕಡಿಮೆಯಾಗುತ್ತದೆ.

ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಒಂದೆರಡು ಸಲ ನೀರು ಬದಲಿಸಿ ಹಿಂಡಿ. ಅದರಲ್ಲಿ ಉಪ್ಪಿನಂಶ ಇರಬಹುದು.

ಹದ ನೋಡುವುದು ಹೇಗೆ? ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಸುಕಿ. ಉಂಡೆ ಕಟ್ಟಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ನೀರು ಜಿನುಗಿದರೆ ಒದ್ದೆ ಜಾಸ್ತಿ. ತಟ್ಟಿದರೂ ಒಡೆಯದಿದ್ದರೆ ಜೇಡಿ ಜಾಸ್ತಿ, ಕೊಕೊಪೀಟ್ ಸೇರಿಸಿ.

ಕೊತ್ತಂಬರಿ

ದುಂಡಗಿನ ಒಂದು ಕೊತ್ತಂಬರಿ ಕಾಳು ನಿಜಕ್ಕೂ ಒಂದು ಕಾಯಿ. ಒಳಗೆ ಎರಡು ಬೀಜ. ಅದಕ್ಕೇ ಹೋಳು ಮಾಡಿ ಬಿತ್ತುವುದು. ಚಪ್ಪಟೆ ಜಾಗದಲ್ಲಿ ಹರಡಿ, ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ. ಎರಡು ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿ ನೆನೆಸಿ, ಬೆಳಗ್ಗೆ ನೀರು ಬಸಿದು ಬಿತ್ತಿ.

ಮಣ್ಣನ್ನು ಮೊದಲೇ ತೇವ ಮಾಡಿಟ್ಟುಕೊಳ್ಳಿ. 1 ಸೆಂ.ಮೀ. ಆಳದಲ್ಲಿ, 3-4 ಸೆಂ.ಮೀ. ಅಂತರದಲ್ಲಿ ಹಾಕಿ ಮುಚ್ಚಿ. ಮೊಳಕೆಗೆ ಒಂದರಿಂದ ಎರಡು ವಾರ. ಐದನೇ ದಿನಕ್ಕೆ ಮಣ್ಣು ಕೆದಕಿ ನೋಡುವ ಚಟ ನನಗೂ ಇತ್ತು. ಬಿಟ್ಟುಬಿಡಿ. ಮೂರು ವಾರವಾದರೂ ಬರದಿದ್ದರೆ ಬೀಜ ಹಳೆಯದು. ಅಡುಗೆಮನೆ ಡಬ್ಬಿಯ ಕಾಳಿನಲ್ಲಿ ಈ ಅಪಾಯ ಜಾಸ್ತಿ. ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆ ನೋಡಿ.

ಕೊತ್ತಂಬರಿ ಸಸಿಯನ್ನು ಕಿತ್ತು ಇನ್ನೊಂದು ಡಬ್ಬಕ್ಕೆ ನೆಡಬೇಡಿ. ತಾಯಿಬೇರಿಗೆ ಪೆಟ್ಟಾದರೆ ಅದು ಮುನಿಸಿಕೊಳ್ಳುತ್ತದೆ, ಇಲ್ಲವೇ ಹೂವಿಗೆ ಹೋಗಿಬಿಡುತ್ತದೆ. ಬಿತ್ತಿದ ಕಡೆಯೇ ಬೆಳೆಯಲಿ. ಸೆಕೆ ಏರಿದರೂ ಬೇಗ ಹೂ ಬಿಡುತ್ತದೆ, ಆಗ ಎಲೆ ಎಳೆಎಳೆಯಾಗಿ ರುಚಿ ಕೆಡುತ್ತದೆ. ಇದಕ್ಕೆ ಮದ್ದಿಲ್ಲ. 15 ದಿನಕ್ಕೊಂದು ಡಬ್ಬ ಬಿತ್ತುತ್ತಾ ಹೋದರೆ ಯಾವುದಾದರೂ ಒಂದು ಕೈಗೆ ಸಿಗುತ್ತದೆ.

ಪುದೀನ

ಕಟ್ಟಿನಲ್ಲಿ ಬಂದ ಪುದೀನದಿಂದ ದಪ್ಪನೆಯ, ಹಸಿರಾದ ಕಡ್ಡಿ ಆರಿಸಿ. 10 ಸೆಂ.ಮೀ. ಉದ್ದ, ಗೆಣ್ಣಿನ ಕೆಳಗೆ ಸರಿಯಾಗಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ತುದಿಯ ನಾಲ್ಕೈದು ಎಲೆ ಮಾತ್ರ ಬಿಡಿ. ನೀರಿನ ಲೋಟದಲ್ಲಿಟ್ಟು, ನೇರ ಬಿಸಿಲು ಬೀಳದ ಬೆಳಕಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ. ವಾರ ಹತ್ತು ದಿನದಲ್ಲಿ ಗೆಣ್ಣಿನಿಂದ ಬಿಳಿ ದಾರದಂಥ ಬೇರು ಬರುತ್ತದೆ. ಬೇರು ಎರಡು ಮೂರು ಸೆಂ.ಮೀ. ಆದಾಗ ನೆಡಿ. ತುಂಬಾ ಉದ್ದ ಬಿಟ್ಟರೆ ಮಣ್ಣಿಗೆ ಒಗ್ಗಿಕೊಳ್ಳಲು ಒದ್ದಾಡುತ್ತದೆ.

ಪುದೀನಕ್ಕೆ ಪ್ರತ್ಯೇಕ ಡಬ್ಬ ಕೊಡಿ. ಬೇಸಿಲ್ ಪಕ್ಕ ಹಾಕಿದರೆ ಆರು ತಿಂಗಳಲ್ಲಿ ಬೇಸಿಲ್ ಎಲ್ಲಿತ್ತು ಅಂತ ಹುಡುಕಬೇಕಾಗುತ್ತದೆ.

ಉಳಿದವು ಬೇಗ ಮುಗಿಯುತ್ತವೆ. ಮೆಂತ್ಯ ರಾತ್ರಿ ನೆನೆಸಿ ಒತ್ತಾಗಿ ಹರಡಿ, ತೆಳ್ಳಗೆ ಮಣ್ಣು ಉದುರಿಸಿ. ಮೂರರಿಂದ ಐದು ದಿನಕ್ಕೆ ಮೊಳಕೆ. ಬೇಸಿಲ್ ಬೀಜ ಸಣ್ಣದು, ಅರ್ಧ ಸೆಂ.ಮೀ.ಗಿಂತ ಆಳ ಬೇಡ. ಪಾರ್ಸ್ಲಿಗೆ ಮೂರರಿಂದ ನಾಲ್ಕು ವಾರ ತಾಳ್ಮೆ ಬೇಕು. ರೋಸ್‌ಮೆರಿಯನ್ನು ಬೀಜದಿಂದ ಬೆಳೆಸುವ ಹಟ ಬೇಡ, ಕಡ್ಡಿ ತಂದು ನೆಡಿ. ದೊಡ್ಡಪತ್ರೆ ಕಡ್ಡಿ ಸುಮ್ನೆ ಮಣ್ಣಿಗೆ ಚುಚ್ಚಿದರೂ ಬರುತ್ತದೆ. ಈರುಳ್ಳಿ ಸೊಪ್ಪು ಹೆಚ್ಚುವಾಗ ಬೇರಿನ ಕಡೆ 3 ಸೆಂ.ಮೀ. ಉಳಿಸಿ ನೆಟ್ಟರೆ ವಾರದಲ್ಲಿ ಹಸಿರು ಕಾಣುತ್ತದೆ.

ತಾನೇ ನೀರು ಕುಡಿಯುವ ಬಾಟಲಿ

ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಒಣಗುವವರಿಗೆ ಇದು. 2 ಲೀಟರ್ ಬಾಟಲಿಯನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಅಡ್ಡ ಕತ್ತರಿಸಿ. ಮುಚ್ಚಳಕ್ಕೆ ಒಂದು ತೂತು ಹಾಕಿ. ಹಳೇ ಟೀ ಶರ್ಟಿನ 25 ಸೆಂ.ಮೀ. ಪಟ್ಟಿ ಕತ್ತರಿಸಿ, ಮಧ್ಯದಲ್ಲಿ ಗಂಟು ಹಾಕಿ, ತೂತಿನಲ್ಲಿ ತೂರಿಸಿ. ಅರ್ಧ ಒಳಗೆ, ಅರ್ಧ ಹೊರಗೆ. ಪೂರ್ತಿ ಹತ್ತಿಯ ಬಟ್ಟೆ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ, ಪಾಲಿಯೆಸ್ಟರ್ ಬೆರೆತದ್ದು ಬಾಳುತ್ತದೆ.

ಮೇಲಿನ ಭಾಗವನ್ನು ಮುಚ್ಚಳ ಕೆಳಗಾಗಿ ಕೆಳಗಿನ ಭಾಗದೊಳಗೆ ಕೂರಿಸಿ. ಕೆಳಗೆ ನೀರು, ಮೇಲೆ ಮಣ್ಣು. ಮಣ್ಣು ತುಂಬುವಾಗ ಬಟ್ಟೆ ಪಟ್ಟಿಯನ್ನು ಮೇಲಕ್ಕೆ ಹಿಡಿದುಕೊಂಡು ಸುತ್ತಲೂ ತುಂಬಿ. ಮುದುಡಿ ತಳದಲ್ಲೇ ಉಳಿದರೆ ನೀರು ಏರುವುದಿಲ್ಲ. ಮೊದಲ ಸಲ ಮೇಲಿನಿಂದ ನೀರು ಹಾಕಿ ಪಟ್ಟಿಯನ್ನೂ ಮಣ್ಣನ್ನೂ ಪೂರ್ತಿ ನೆನೆಸಿ. ಆಮೇಲೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ತಾನೇ ನೀರು ಎಳೆದುಕೊಳ್ಳುತ್ತದೆ.

ಎರಡು ಮಾತು. ಕೆಳಗಿನ ನೀರನ್ನು ವಾರದೊಳಗೆ ಬದಲಿಸಿ, ಸಂದನ್ನು ಬಟ್ಟೆಯಿಂದ ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಮತ್ತೆ ಈ ಬಾಟಲಿ ಪುದೀನ, ಬೇಸಿಲ್‌ಗೆ ಸರಿ. ಬೇರಿನ ಹತ್ತಿರ ಸದಾ ತೇವ ಸಹಿಸದ ರೋಸ್‌ಮೆರಿ, ಥೈಮ್‌ಗೆ ಬೇಡವೇ ಬೇಡ.

ಬಿಸಿಲು, ನೀರು

ಬೇಸಿಲ್, ರೋಸ್‌ಮೆರಿ, ಥೈಮ್‌ಗೆ ದಿನಕ್ಕೆ 6 ಗಂಟೆ ನೇರ ಬಿಸಿಲು. ಪುದೀನ, ಕೊತ್ತಂಬರಿ, ಪಾರ್ಸ್ಲಿ 4 ಗಂಟೆಯಲ್ಲಿ ಹೊಂದಿಕೊಳ್ಳುತ್ತವೆ. ಜಾಗ ಪರೀಕ್ಷೆ ಮಾಡಲು ಮಧ್ಯಾಹ್ನ ಬಿಳಿ ಕಾಗದದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳು ಬೆರಳಾಗಿ ನೆರಳು ಕಂಡರೆ ಒಳ್ಳೆ ಬೆಳಕು. ಮಸುಕಾದರೆ ಪುದೀನದಂಥವಕ್ಕೆ ಸರಿ. ನೆರಳೇ ಕಾಣದಿದ್ದರೆ ಎಲ್‌ಇಡಿ ದೀಪವನ್ನು ಒಂದಡಿಯೊಳಗೆ ಇಟ್ಟು ದಿನಕ್ಕೆ 12ರಿಂದ 14 ಗಂಟೆ ಉರಿಸಬೇಕಾಗುತ್ತದೆ. ಟಿನ್ ಡಬ್ಬ ಮಧ್ಯಾಹ್ನದ ಬಿಸಿಲಿಗೆ ಕಾದು ಬೇರು ಬೇಯಿಸಿಬಿಡುತ್ತದೆ, ಅದನ್ನು ಬೆಳಗಿನ ಬಿಸಿಲಿನ ಕಡೆ ಇಡಿ.

'ದಿನಾ ಒಂದು ಲೋಟ ನೀರು' ಅನ್ನುವ ಲೆಕ್ಕ ಬೇಡ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಒಣಗಿದ್ದರೆ ತಳದಿಂದ ಹರಿಯುವವರೆಗೆ ಹಾಕಿ. ತೇವ ಇದ್ದರೆ ಸುಮ್ಮನಿರಿ. ಕೆಲವು ದಿನದಲ್ಲಿ ಡಬ್ಬ ಎತ್ತಿ ನೋಡಿದರೇ ಗೊತ್ತಾಗುತ್ತದೆ. ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ. ಗೊಬ್ಬರ ಮೂರು ನಾಲ್ಕು ವಾರಕ್ಕೊಂದು ಹಿಡಿ ಸಾಕು. ಹಾಲು, ಸಕ್ಕರೆ ಹಾಕಿದ ಟೀ ಚರಟ ಹಾಕಿದರೆ ಬರುವುದು ಇರುವೆ.

ಕೊಯ್ಯುವ ಕೈ

ಬೇಸಿಲ್ 15 ಸೆಂ.ಮೀ. ಎತ್ತರವಾದಾಗ ತುದಿ ಚಿವುಟಬೇಕು. ಪಾಪ ಅನಿಸುತ್ತದೆ, ಆದರೂ ಚಿವುಟಿ. ಎಲೆ ಜೋಡಿಯ ಸ್ವಲ್ಪ ಮೇಲೆ ಚಿವುಟಿದರೆ ಆ ಗೆಣ್ಣಿನಿಂದ ಎರಡು ಕವಲು ಬರುತ್ತದೆ. ಆ ಎರಡನ್ನೂ ಚಿವುಟಿದರೆ ನಾಲ್ಕು. ಚಿವುಟದೆ ಬಿಟ್ಟ ಗಿಡ ಕೋಲಿನ ಹಾಗೆ ಏರಿ ಹೂ ಬಿಡುತ್ತದೆ. ಪುದೀನಕ್ಕೂ ಇದೇ ಕ್ರಮ. ಕೊತ್ತಂಬರಿ, ಪಾರ್ಸ್ಲಿಗೆ ಮಾತ್ರ ಉಲ್ಟಾ. ಹೊರಗಿನ ದೊಡ್ಡ ಎಲೆಯನ್ನು ಬುಡದಿಂದ ತೆಗೆಯಿರಿ, ನಡುವಿನ ಕುಡಿ ಮುಟ್ಟಬೇಡಿ. ಎಳೆ ಮೆಂತ್ಯ ಬಿಟ್ಟರೆ ಯಾವ ಗಿಡದಲ್ಲೂ ಒಂದೇ ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕೊಯ್ಯಬಾರದು.

ಕೆಟ್ಟಾಗ

ಸಸಿಗಳು ಬುಡದಲ್ಲಿ ದಾರದಂತೆ ತೆಳುವಾಗಿ ಬಿದ್ದರೆ ಅದು ಸಸಿ ಕೊಳೆ ರೋಗ. ನೀರು ಜಾಸ್ತಿ, ಗಾಳಿ ಕಡಿಮೆ. ಬಿದ್ದವನ್ನು ಉಳಿಸಲಾಗುವುದಿಲ್ಲ, ಡಬ್ಬ ತೊಳೆದು ವಿರಳವಾಗಿ ಮತ್ತೆ ಬಿತ್ತಿ. ಮಣ್ಣಿನ ಮೇಲೆ ಸಣ್ಣ ಕಪ್ಪು ನುಸಿ ಹಾರಿದರೆ ಮೇಲ್ಪದರ ಪೂರ್ತಿ ಒಣಗಲು ಬಿಡಿ, ಮರಿಹುಳು ಬದುಕುವುದು ಆ ತೇವದಲ್ಲೇ.

ಚಿಗುರಿನಲ್ಲಿ ಹೇನು ಮುತ್ತಿದ್ದರೆ ಮೊದಲು ನೀರಿನ ರಭಸಕ್ಕೆ ಹಿಡಿದು ತೊಳೆಯಿರಿ. ಹೋಗದಿದ್ದರೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1-2 ಮಿ.ಲೀ. ದ್ರವ ಸೋಪು ಕಲಸಿ, ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಆ ಸೊಪ್ಪನ್ನು ಒಂದು ವಾರ ಬಿಟ್ಟು, ಚೆನ್ನಾಗಿ ತೊಳೆದು ಬಳಸಿ. ಬೇಸಿಲ್ ಎಲೆಯ ಅಡಿಯಲ್ಲಿ ಬೂದು ಬೂಸ್ಟು, ಮೇಲೆ ನರಗಳ ನಡುವೆ ಹಳದಿ ಕಂಡರೆ ಗಿಡವನ್ನೇ ಕಿತ್ತು ಚೀಲಕ್ಕೆ ಕಟ್ಟಿ ಎಸೆಯಿರಿ, ಪಕ್ಕದ್ದಾದರೂ ಉಳಿಯಲಿ.

ಎರಡನೇ ಸುತ್ತು

ಬೆಳೆ ಮುಗಿದ ಡಬ್ಬದ ಮಣ್ಣನ್ನು ಕೊಡವಿ, ಬೇರು ಆರಿಸಿ, ಮೂರು ಪಾಲಿಗೆ ಒಂದು ಪಾಲು ಹೊಸ ಗೊಬ್ಬರ ಸೇರಿಸಿದರೆ ಮತ್ತೆ ಬಳಸಬಹುದು. ರೋಗ ಬಂದಿದ್ದ ಮಣ್ಣು ಮಾತ್ರ ಬೇಡ. ಕೊತ್ತಂಬರಿ ಇದ್ದಲ್ಲಿ ಮೆಂತ್ಯ ಹಾಕಿ.

ಹೊಸದಾಗಿ ತುಂಬುವ ಮೊದಲು ಡಬ್ಬವನ್ನು ಒಮ್ಮೆ ಹಿಸುಕಿ ನೋಡಿ. ಬಿಸಿಲಿನಲ್ಲಿ ತಿಂಗಳುಗಟ್ಟಲೆ ನಿಂತ ಪ್ಲಾಸ್ಟಿಕ್ ಒಣಗಿ ಬಿರುಸಾಗುತ್ತದೆ. ಬಗ್ಗಿ ವಾಪಸ್ ಬಂದರೆ ಇನ್ನೊಂದು ಬೆಳೆ ತೆಗೆಯಬಹುದು. ಟಕ್ ಅಂತ ಸದ್ದು ಬಂದು ಬಿಳಿ ಗೆರೆ ಮೂಡಿದರೆ, ಅದು ಚೂರಾಗಿ ಮಣ್ಣಿಗೆ ಸೇರುವ ಮೊದಲೇ ಮರುಬಳಕೆಯ ಕಸಕ್ಕೆ ಹಾಕಿ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಇನ್ನೊಂದು ಡಬ್ಬ ಖಾಲಿಯಾಗಿರುತ್ತದೆ. ಅದರ ಆಳ ಅಳೆಯಿರಿ.